ಪಾಸ್ಡ್ ಔಟ್

"ಕಂಗ್ರಾಜುಲೇಷನ್ಸ್, ಮೇಡಂ," ಎಂದಳು ದಾನೇಶ್ವರಿ.

ಫೋನಿನ ಆ ಕಡೆಯ ಹೆಂಗಸು ಗಂಟಲೊಳಗೇ ನರಳಿ ಫೋನು ಕುಕ್ಕಿದಳು.

ಹಿಮಾಯತ್‌ನಗರದ ಆ ಕಾಲ್ ಸೆಂಟರಿನಲ್ಲಿ ದಾನೇಶ್ವರಿ ಎರಡು ವರ್ಷ ಲಂಡನ್ನಿನ ಕರೆಗಳನ್ನು ತೆಗೆದುಕೊಂಡವಳು. ಮಗ ಸೈನ್ಯದ ತರಬೇತಿ ಮುಗಿಸಿ 'ಪಾಸ್ಡ್ ಔಟ್' ಆದನೆಂದು ಒಬ್ಬ ತಾಯಿ ಹೇಳಿದಾಗ ಇದೇ ಮಾತಾಡಿ ಮೆಚ್ಚುಗೆ ಪಡೆದಿದ್ದಳು. ಕಾಲೇಜು ಮುಗಿಸಿದವರಿಗೆ ಇಲ್ಲೂ ಹಾಗೆಯೇ ಅನ್ನುತ್ತಾರಲ್ಲ. ಅಮೆರಿಕದ ಆರೋಗ್ಯ ವಿಮೆಯ ವಿಭಾಗಕ್ಕೆ ಅವಳನ್ನು ಹಾಕಿ ನಾಲ್ಕೇ ದಿನವಾಗಿತ್ತು. "ನನ್ನ ಮಗ ಪಾಸ್ಡ್ ಔಟ್" ಎಂದ ಆ ನಡುಗುವ ದನಿಯನ್ನು ಅವಳು ಸಂತೋಷವೆಂದುಕೊಂಡಿದ್ದಳು.

ಕರೆ ಕೇಳಿಸಿಕೊಳ್ಳುತ್ತಿದ್ದ ಮೇಲ್ವಿಚಾರಕ ನಿತಿನ ಎದ್ದು ಬಂದ. "ಏನಂದುಬಿಟ್ರಿ? ಹುಡುಗ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ಅಮೆರಿಕದವರು ಹಾಗಂದ್ರೆ ಅದೇ ಅರ್ಥ."

ದಾನೇಶ್ವರಿ ಪರದೆಯ ಕಡೆ ತಿರುಗಿದಳು. "ಯಾವ ಆಸ್ಪತ್ರೆಗೆ ಒಯ್ದ್ರ ವಿಮಾ ನಡಿತೈತಂತ ಕೇಳಾಕ ಫೋನ್ ಮಾಡಿರ್ಬೇಕ್ರಿ ಆಕಿ. ಹೊಳ್ಳಿ ಫೋನ್ ಹಚ್ತೀನ್ರಿ ಸರ್."

"ನಾವಾಗಿ ಕರೆ ಮಾಡೋ ಹಾಗಿಲ್ಲ. ಮಾಡಿದ್ರೆ ನಿಮ್ಮ ಕೆಲಸ ಹೋಗುತ್ತೆ, ನಾನು ಉಳಿಸೋಕಾಗಲ್ಲ."

ಮನೆ ನಡೆಯುತ್ತಿದ್ದುದು ಅವಳೊಬ್ಬಳಿಂದ. ಅಪ್ಪ ಅಮರೇಶಪ್ಪನಿಗೆ ಪಾರ್ಶ್ವವಾಯು ಬಡಿದು ವರ್ಷವಾಗಿತ್ತು. ಅವನು ಬಿದ್ದ ಮಧ್ಯಾಹ್ನ, ಈ ಊರಿನ ತೆಲುಗು ಬಾರದ ಅವ್ವ ಸಿಕ್ಕ ಸಿಕ್ಕ ನಂಬರಿಗೆಲ್ಲ ಫೋನ್ ಮಾಡಿ ಅತ್ತಿದ್ದಳು. ಅವಳ ಮಾತು ಯಾರಿಗೂ ತಿಳಿದಿರಲಿಲ್ಲ.

ದಾನೇಶ್ವರಿ ಪರದೆಯ ಮೇಲಿದ್ದ ಸಂಖ್ಯೆ ಒತ್ತಿದಳು.

"ದಾನೇಶ್ವರಿ, ಬೇಡ," ಎಂದ ನಿತಿನ.

ಇಲ್ಲಿ ಬೆಳಗಿನ ಏಳೂವರೆ, ಅಲ್ಲಿ ಸಂಜೆ. ಆ ಕಡೆ ಫೋನು ರಿಂಗಾಗುತ್ತಲೇ ಇತ್ತು. ಕೊನೆಗೆ ಎಳೆಯ ಗಂಡುದನಿಯೊಂದು ನಗುತ್ತ ಹೇಳಿತು: ನಾವು ಮನೆಯಲ್ಲಿಲ್ಲ, ಹೇಳುವುದನ್ನು ಹೇಳಿಡಿ. ಎಂದೋ ರೆಕಾರ್ಡು ಮಾಡಿಟ್ಟ ದನಿ. ಹಿಂದೆ ನಾಯಿಯೊಂದು ಬೊಗಳುತ್ತಿತ್ತು. ಬೀಪ್ ಎಂದಿತು.

ಎರಡು ವರ್ಷ ತಿದ್ದಿ ತೀಡಿದ ಇಂಗ್ಲಿಷು ಒಂದಕ್ಷರವೂ ನಾಲಿಗೆಗೆ ಬರಲಿಲ್ಲ.

"ಅಕ್ಕಾ... ನನಗ ತಿಳೀಲಿಲ್ರಿ. ತಪ್ಪಾತ್ರಿ. ಹುಡುಗನ್ನ ಮೊದಲ ಆಸ್ಪತ್ರೆಗೆ ಒಯ್ರಿ. ಯಾವುದಾರ ಇರ್ಲಿ, ಒಯ್ರಿ. ಅವಾ ಹೆಂಗ ಅದಾನಂತ ಒಂದ ಮಾತು ಹೇಳ್ರಿ..."

ಅಕ್ಕಪಕ್ಕದವರು ತಿರುಗಿ ನೋಡಿದರು. ಟೇಪು ಮುಗಿದು ಕರೆ ಕಡಿಯಿತು.

ನಿತಿನ ಗುರುತಿನ ಚೀಟಿಗಾಗಿ ಕೈ ಚಾಚಿದ. ಅವಳು ಅದನ್ನು ಕೊರಳಿನಿಂದ ತೆಗೆದು ಕೊಟ್ಟಳು, ಇನ್ನೊಂದು ಕೈಯಲ್ಲಿ ಮತ್ತೆ ಅದೇ ಸಂಖ್ಯೆ ಒತ್ತುತ್ತ.