ಆಯೇರಿಗೆ ಬಂದ ಕಂಪ್ಯೂಟರ್

ಮದುಮಗ ತಾಳಿ ಕಟ್ಟಲು ಕೈ ಎತ್ತಿದ. ಕಂಪ್ಯೂಟರ್ ಆಫ್ ಆಯಿತು.

ನಿನ್ನೆಯೂ ಇಲ್ಲಿಗೇ ನಿಂತಿತ್ತು, ಮೊನ್ನೆಯೂ. ಗಂಗಾವತಿಯ ಹೊಸ ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದ ಶಿವಲೀಲಾ ಮೌಸನ್ನು ಮೇಜಿನ ಮೇಲೆ ಕುಕ್ಕಿದಳು. ಸಾಣಾಪುರದ ಒಂದು ಮದುವೆಯ ವಿಡಿಯೊ ಅದು. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ. ನಾಳೆ ಸಂಜೆಯೊಳಗೆ ಕೈಗೆ ಬರದಿದ್ದರೆ ಕೊಪ್ಪಳದ ಸ್ಟುಡಿಯೊದವರಿಗೆ ಕೊಡುತ್ತೇವೆ ಎಂದು ಹೆಣ್ಣಿನ ಕಡೆಯವರು ಬೆಳಿಗ್ಗೆಯೇ ಫೋನು ಮಾಡಿದ್ದರು. ಈ ಕೆಲಸ ಕೈತಪ್ಪಿದರೆ ಸಾಣಾಪುರದ ಸುತ್ತ ಇನ್ನು ಯಾರೂ ಅವಳನ್ನು ಕರೆಯುವುದಿಲ್ಲ.

"ಮತ್ತ ಹೋತೇನ?" ಅಡುಗೆಮನೆಯಿಂದ ಅತ್ತೆ ವಿರೂಪಾಕ್ಷಮ್ಮ ಕೇಳಿದರು.

"ಹೋತ್ರಿ."

"ತಾಳಿ ಕಟ್ಟಿದನೇನ?"

"ಇಲ್ರಿ ಅತ್ತಿ!"

"ಆ ಹುಡುಗಗ ಮನಸ್ಸಿಲ್ಲ ಬಿಡವಾ."

ನಗುವ ಸ್ಥಿತಿಯಲ್ಲಿ ಶಿವಲೀಲಾ ಇರಲಿಲ್ಲ. ತಪ್ಪು ಎಲ್ಲಿಂದ ಶುರುವಾಯಿತು ಎಂಬುದು ಅವಳಿಗೆ ಗೊತ್ತಿತ್ತು. ಈ ಮನೆಯ ವಾಸ್ತುಶಾಂತಿಯಿಂದ.

ಆಗ ಅವಳು ಬಳಗಕ್ಕೆಲ್ಲ ಒಂದು ಮಾತು ಹೇಳಿದ್ದಳು. ಸ್ಟೀಲ್ ಬಿಂದಿಗೆ ಬೇಡ, ಗೋಡೆ ಗಡಿಯಾರ ಬೇಡ, ಉಡುಗೊರೆಯಾಗಿ ಆಯೇರಿ ಮಾಡುವವರು ಕಂಪ್ಯೂಟರಿನ ಒಂದೊಂದು ಸಾಮಾನು ತಂದುಕೊಡಿ, ಜೋಡಿಸಿಕೊಳ್ಳುತ್ತೇನೆ. ಬಳಗದವರು ಖುಷಿಯಿಂದಲೇ ತಂದರು. ಆದರೆ ಆಯೇರಿ ಎಂದಮೇಲೆ ಮೈಕಿನಲ್ಲಿ ಹೆಸರು ಕೂಗುತ್ತಾರಲ್ಲ? ಕೂಗಿದಾಗ ಜನ ತಿರುಗಿ ನೋಡುವಂಥದ್ದನ್ನೇ ಎಲ್ಲರೂ ತಂದರು. ಒಬ್ಬರು ದೊಡ್ಡ ಗ್ರಾಫಿಕ್ಸ್ ಕಾರ್ಡ್. ಇನ್ನೊಬ್ಬರು ಮಿಣಮಿಣ ಮಿನುಗುವ ಫ್ಯಾನುಗಳು. ಮತ್ತೊಬ್ಬರು ತಂದ ರ‍್ಯಾಮ್ ಆ ಮದರ್‌ಬೋರ್ಡಿನ ಸೀಳಿನೊಳಗೆ ಕೂಡುವ ಜಾತಿಯದೇ ಅಲ್ಲ. ಅದು ಈಗ ಶೋಕೇಸಿನಲ್ಲಿ, ಕಿನ್ನಾಳದ ಮರದ ಗಿಳಿಯ ಪಕ್ಕ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದೆ. ಅತ್ತೆಯ ತಮ್ಮ ಹಂಪಣ್ಣ ಕುಷ್ಟಗಿಯಿಂದ ಎಲ್ಲರಿಗಿಂತ ದೊಡ್ಡದನ್ನು, ಎಲ್ಲವನ್ನೂ ಒಳಗೆ ಕೂರಿಸುವ ಗಾಜಿನ ಬಾಗಿಲಿನ ಕ್ಯಾಬಿನೆಟ್ಟನ್ನು ತಂದಿದ್ದರು.

ಗೋಡೆಯಿಂದ ಬಂದ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಡಬ್ಬಿಗೆ ಅಂಗಡಿಯವರು ಎಸ್‌ಎಂಪಿಎಸ್ ಎನ್ನುತ್ತಾರೆ. ಅದನ್ನು ಯಾರೂ ತರಲಿಲ್ಲ. ಒಳಗೆ ಮೂಲೆಯಲ್ಲಿ ಕೂರುವ ಬೂದುಬಣ್ಣದ ಡಬ್ಬಿಗೆ ಮೈಕಿನಲ್ಲಿ ಯಾರ ಹೆಸರು ಕೂಗಬೇಕು? ಹಂಪಣ್ಣನ ಕ್ಯಾಬಿನೆಟ್ಟಿನ ಜೊತೆ ಒಂದು ಪುಕ್ಕಟೆ ಬಂದಿತ್ತು. ಜೋಡಿಸಿಕೊಡಲು ಬಂದ ಹುಡುಗ ಅದನ್ನೇ ಹಾಕಿದ.

ಆಫ್ ಆದಾಗಲೆಲ್ಲ ಮನೆಯವರು ಒಂದೊಂದು ಕಾರಣ ಹೇಳಿದರು. ದೃಷ್ಟಿ ಎಂದು ನಿಂಬೆಹಣ್ಣು ಕಟ್ಟಿದರು. ಧೂಳು ಎಂದು ಮೇಲೆ ಕಸೂತಿಯ ಬಟ್ಟೆ ಹೊದಿಸಿದರು. ಶಿವಲೀಲಾ ತೆಗೆಯುತ್ತಿದ್ದಳು, ಅತ್ತೆ ಮತ್ತೆ ಹೊದಿಸುತ್ತಿದ್ದರು. ಕೊನೆಗೆ ಅವಳು ಶಬೀನಾಳನ್ನು ಕರೆಸಿದಳು. ಇಬ್ಬರೂ ಕಾಲೇಜಿನಲ್ಲಿ ಕೂಡಿ ಓದಿದವರು. ಶಬೀನಾ ಈಗ ಗಂಗಾವತಿಯಲ್ಲೇ ಕಂಪ್ಯೂಟರ್ ಜೋಡಿಸುವ ಅಂಗಡಿ ಇಟ್ಟಿದ್ದಾಳೆ.

ಅವಳು ಬರುವುದಕ್ಕೂ ಅಕ್ಕನನ್ನು ನೋಡಲು ಹಂಪಣ್ಣ ಬರುವುದಕ್ಕೂ ಸರಿಹೋಯಿತು.

"ಕಂಪ್ಯೂಟರ್ ಆಫ್ ಆದಾಗ ತಲಿ ಮ್ಯಾಲಿನ ಫ್ಯಾನ್ ತಿರುಗ್ತಿತ್ತೇನ?" ಶಬೀನಾ ಕೇಳಿದಳು.

"ತಿರುಗ್ತಿತ್ತು. ಮನಿ ಕರೆಂಟ್ ಹೋಗಿಲ್ಲ."

"ಹಾಡು ಕೇಳಿದ್ರ, ಟೈಪ್ ಮಾಡಿದ್ರ?"

"ದಿನಪೂರ್ತಿ ನಡೀತೈತಿ. ಈ ತಾಳಿ ಜಾಗಾದಾಗ ಹೂಮಳಿ ಹಾಕೀನಿ, ಬೆಳಕು ಹಾಕೀನಿ. ಅಲ್ಲಿಗೆ ಬಂತಂದ್ರ ಸತ್ತು ಹೋಗತೈತಿ."

ಶಬೀನಾ ಬಟ್ಟೆ ಕಿತ್ತು ಬದಿಗಿಟ್ಟಳು. ಶಾಖ ಎಷ್ಟಿದೆ ನೋಡಿದಳು. ಬಿಸಿ ಹೆಚ್ಚಿರಲಿಲ್ಲ. ಆಮೇಲೆ ಗಾಜಿನ ಬಾಗಿಲು ತೆಗೆದು ಬೂದು ಡಬ್ಬಿಯ ಮೇಲಿನ ಚೀಟಿಯನ್ನು ಓದಿದಳು.

"ಲೀಲಾ, ಎಲ್ಲಾ ಛಲೋ ಅದಾವ. ಇದೊಂದು ತೆಗೀಬೇಕು."

"ಏನು ತೆಗೀತಿ?" ಹಂಪಣ್ಣ ಚಹಾದ ಕಪ್ಪನ್ನು ಕೆಳಗಿಟ್ಟರು. "ಅದು ನಾ ಕೊಟ್ಟ ಕ್ಯಾಬಿನೆಟ್ ಜೋಡಿ ಬಂದದ್ದು. ಐದುನೂರು ವ್ಯಾಟ್ ಅಂತ ಬರದಾನಲ್ಲ, ಕಣ್ಣು ಕಾಣಂಗಿಲ್ಲೇನ?"

"ಬರದಾನ್ರಿ ಕಾಕಾ. ಬರಿಯಾಕ ಏನೈತಿ? ಹೂಮಳಿ ಬಂದಾಗ ಆ ದೊಡ್ಡ ಕಾರ್ಡ್ ಭಾಳ ಕರೆಂಟ್ ಎಳೀತೈತಿ, ಎಳಕೊಳ್ಳೋದು ಹನ್ನೆರಡು ವೋಲ್ಟಿನ ತಂತಿಯಿಂದ. ಆ ಸಾಲಿನಾಗ ಎಷ್ಟು ವ್ಯಾಟ್ ಐತಿ ನೋಡ್ರಿ. ಬರದದ್ದರ ಅರ್ಧಕ್ಕಿಂತ ಕಡಿಮಿ. ಕಾರ್ಡಿಗೆ ಬೇಕಾದ ತಂತಿನೂ ಇದರಾಗ ಇಲ್ಲ, ಯಾರೋ ಬ್ಯಾರೆ ತಂತಿಗೆ ಕನೆಕ್ಟರ್ ಹಾಕಿ ಜೋಡಿಸ್ಯಾರ. ಇನ್ನೊಂದೀಟು ದಿನ ಹೋಗಿದ್ರ ಸುಡತಿತ್ತು."

ವಿರೂಪಾಕ್ಷಮ್ಮ ಬಾಗಿಲಲ್ಲಿ ಬಂದು ನಿಂತರು. "ಆಯೇರಿ ಸಾಮಾನ ಬದಲ ಮಾಡಬಾರದವಾ. ಕೊಟ್ಟವರ ಮಾರಿಗೆ ಹೊಡದಂಗ ಆಗತೈತಿ."

"ಹಂಗಾರ ಸಾಣಾಪುರದವರಿಗೆ ನೀವ ಫೋನ್ ಮಾಡ್ರಿ!" ಶಿವಲೀಲಾಳ ದನಿ ಏರಿತು. "ನಮ್ಮ ತಮ್ಮನ ಮರ್ಯಾದಿ ಉಳೀಬೇಕ್ರಿ, ಅದಕ್ಕ ನಿಮ್ಮ ಮಗಳ ಲಗ್ನ ಅರ್ಧಕ್ಕ ನಿಂತೈತಿ ಅಂತ ಹೇಳ್ರಿ. ಆಮ್ಯಾಲ ನಾ ಬಾಗಲಾ ಹಾಕಿ ರೊಟ್ಟಿ ಬಡ್ಕೊಂತ ಕುಂದರತೀನಿ."

ಹಂಪಣ್ಣನ ಮುಖ ಕೆಂಪಾಗಿತ್ತು. ಶಬೀನಾ ನಿಧಾನವಾಗಿ ಕೇಳಿದಳು.

"ಕಾಕಾ, ನೀವು ಪಂಪ್‌ಸೆಟ್ ಮಾರ್ತೀರಿ ಹೌದಿಲ್ರಿ? ಆಳ ಬೋರಿಗೆ ದೊಡ್ಡ ಮೋಟಾರ್ ಒಯ್ದು, ರೊಕ್ಕ ಉಳಿಸಾಕ ಸಣ್ಣ ಕೇಬಲ್ ಹಾಕಿದವಗ ಏನಂತೀರಿ?"

"ಏನಂತೀನಿ? ಬೈತೀನಿ! ಮೊನ್ನಿ ಒಬ್ಬ ಬಂದಿದ್ದ. ಮೋಟಾರ್ ಒಂದನೇ ನಂಬರ್ ಒಯ್ದ, ಕೇಬಲ್ ಮಾತ್ರ ಮನ್ಯಾಗಿಂದು ಹಳೇದು ಬಿಟ್ಟ. ಚಾಲೂ ಮಾಡಿದ್ರ ಗುರ್ ಅಂತೈತಿ, ನೀರಿನ ಲೋಡ್ ಬಿತ್ತು ಅಂದ್ರ ಕುಂತ ಬಿಡತೈತಿ. ಕೆಳಗ ಕರೆಂಟ ಮುಟ್ಟಂಗಿಲ್ಲ. ಆಮ್ಯಾಲ ನನ್ನ ಅಂಗಡಿಗೆ ಬಂದು, ಹಂಪಣ್ಣ, ನಿನ್ನ ಮೋಟಾರ್ ಸುಮಾರ ಐತಿ ಅಂತ ನನಗ..."

ಅವರು ಅಲ್ಲಿಗೆ ನಿಂತರು. ಬೂದು ಡಬ್ಬಿಯನ್ನು ನೋಡಿದರು. ಅಕ್ಕನನ್ನು ನೋಡಿದರು. ಆಮೇಲೆ ಶಿವಲೀಲಾಳ ಕಡೆ ತಿರುಗಿದರು.

"ಹೂಮಳಿ ಲೋಡ್ ಬಿದ್ದಾಗ ಇದೂ ಕುಂದರತೈತಿ ಅಂದಿ ಹೌದಿಲ್ಲ?"

"ಹೌದ್ರಿ ಮಾವಾರ," ಶಿವಲೀಲಾ ಅಂದಳು.

"ಥೂ ಇದರ. ಕೇಬಲ್ ಪುಕ್ಕಟೆ ಕೊಡೋ ಅಂಗಡ್ಯಾಗ ನಾನಽ ಮೋಟಾರ್ ತಗೊಂಡಂಗ ಆತು." ಎದ್ದು ಚಪ್ಪಲಿ ಮೆಟ್ಟಿದರು. "ನಡಿಯವಾ ಶಬೀನಾ ನಿನ್ನ ಅಂಗಡಿಗೆ. ಛಲೋದು ಕೊಡು. ಆದರ ಅದೂ ನನ್ನ ಆಯೇರಿನಽ, ಮತ್ಯಾರದೂ ಅಲ್ಲ."

ಅಂಗಡಿಯಲ್ಲಿ ಶಬೀನಾ ಪ್ರೊಸೆಸರಿಗೆ ಎಷ್ಟು ಬೇಕು, ಕಾರ್ಡಿಗೆ ಎಷ್ಟು ಬೇಕು ಎಂದು ಕೂಡಿಸಿದಳು. ಅದರ ಮೇಲೆ ಧಾರಾಳವಾಗಿ ಸೇರಿಸಿದಳು. ಕಾರ್ಡಿನ ತಂತಿಗಳು ತಾವಾಗಿಯೇ ಇರುವ, ವರ್ಷಗಟ್ಟಲೆ ವಾರಂಟಿ ಇರುವ ಒಂದನ್ನು ಆರಿಸಿದಳು. ಮನೆಗೆ ಬಂದು ಕಳಚಿಟ್ಟ ಹಳೆಯ ಡಬ್ಬಿಯನ್ನು ಹಂಪಣ್ಣ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಹೋದಾಗ ಕೈ ಹಿಡಿದು ನಿಲ್ಲಿಸಿದಳು. ಪ್ಲಗ್ ಕಿತ್ತಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ.

ಹೊಸ ಡಬ್ಬಿ ಕೂರಿಸಿದರು. ವಿರೂಪಾಕ್ಷಮ್ಮ ಕೈಯಲ್ಲಿದ್ದ ಲೋಟವನ್ನೇ ಮೈಕಿನಂತೆ ಬಾಯಿಗೆ ಹಿಡಿದು ಕೂಗಿದರು: "ಕುಷ್ಟಗಿ ಹಂಪಣ್ಣನವರಿಂದ, ಒಳಗಿನ ಡಬ್ಬಿ ಒಂದು!" ಹಂಪಣ್ಣ ಮೀಸೆಯಡಿಯಲ್ಲೇ ನಕ್ಕರು.

ಶಿವಲೀಲಾ ವಿಡಿಯೊ ಚಾಲೂ ಮಾಡಿದಳು. ಹೂಮಳೆ ಬಂತು. ಬೆಳಕು ಬಂತು. ಮದುಮಗ ಕೈ ಎತ್ತಿದ. ನಾಲ್ವರೂ ಪರದೆಯತ್ತ ಬಾಗಿದರು.

ತಾಳಿ ಕಟ್ಟಿದ.

ವಿರೂಪಾಕ್ಷಮ್ಮ ಎಲ್ಲಿಂದ ತಂದಿದ್ದರೋ, ಮುಷ್ಟಿ ತುಂಬ ಅಕ್ಕಿಕಾಳನ್ನು ಕಂಪ್ಯೂಟರಿನ ಮೇಲೆ ಎರಚಿದರು.

"ಅತ್ತೀ! ಫ್ಯಾನಿನೊಳಗ ಹೋಕ್ಕಾವ್ರಿ!" ಶಿವಲೀಲಾ ಕಿರುಚಿದಳು. ಕಿರುಚುತ್ತಲೇ ಕಣ್ಣು ಒರೆಸಿಕೊಂಡಳು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೊಟ್ಟೆಪಾಡಿಗಾಗಿ ಕಂಪ್ಯೂಟರ್ ಜೋಡಿಸುತ್ತಿದ್ದರೆ ದಯವಿಟ್ಟು ಮಿನುಗುವ ದೀಪ ನೋಡಿ ಮರುಳಾಗಬೇಡಿ. ಮೊದಲು ಅದರಿಂದ ಯಾವ ಕೆಲಸ ಆಗಬೇಕೆಂದು ಕೇಳಿ. ಅರ್ಜಿ ತುಂಬುವುದಕ್ಕಷ್ಟೇ ಆದರೆ ದೊಡ್ಡ ಕಾರ್ಡು ಬೇಕಿಲ್ಲ. ಒಬ್ಬೊಬ್ಬರು ಒಂದೊಂದು ತರುವ ಬದಲು ತಿಳಿದವರೊಬ್ಬರು ಎಲ್ಲವನ್ನೂ ಆರಿಸಲಿ. ರ‍್ಯಾಮ್, ಪ್ರೊಸೆಸರ್ ಆ ಮದರ್‌ಬೋರ್ಡಿಗೆ ಕೂಡುತ್ತವೆಯೇ ಎಂದು ಕೊಳ್ಳುವ ಮುಂಚೆಯೇ ನೋಡಲಿ. ಎಸ್‌ಎಂಪಿಎಸ್ ಕೊಳ್ಳುವಾಗ ದೊಡ್ಡ ಅಕ್ಷರದ ಅಂಕಿಯನ್ನಲ್ಲ, ಚೀಟಿಯ ಹನ್ನೆರಡು ವೋಲ್ಟಿನ ಸಾಲನ್ನು ಓದಿ. ಬೇಕಾದದ್ದಕ್ಕಿಂತ ಹೆಚ್ಚಿನದನ್ನೇ ತನ್ನಿ, ಅರ್ಥಿಂಗ್ ಸರಿಯಿರುವ ಪ್ಲಗ್ಗಿಗೇ ಹಾಕಿ. ಕೆಟ್ಟರೆ ಆ ಡಬ್ಬಿಯನ್ನು ನೀವೇ ಬಿಚ್ಚಬೇಡಿ. ಕಂಪ್ಯೂಟರಿಗೆ ಬಟ್ಟೆ ಹೊದಿಸಬೇಡಿ. ನಿಂಬೆಹಣ್ಣನ್ನು ಉಪ್ಪಿನಕಾಯಿಗೆ ಇಟ್ಟುಕೊಳ್ಳಿ.

ಬಳಗದಲ್ಲಿ ಇನ್ನೊಂದು ಮನೆಯ ವಾಸ್ತುಶಾಂತಿ ಬಂದಾಗ ಆ ಬೂದು ಡಬ್ಬಿಯನ್ನು ನೀವೇ ಕೊಡಿ. ಮೈಕಿನಲ್ಲಿ ಹೆಸರು ಕೂಗದಿದ್ದರೂ ಪರವಾಗಿಲ್ಲ. ಯಾರದೋ ಮದುವೆ ಅರ್ಧಕ್ಕೆ ನಿಲ್ಲುವುದಿಲ್ಲ.