ನಸುಕಿನ ಪ್ರಾರ್ಥನೆಗೆ ಚಕ್ಕರ್

ಕೊರಿಯಾದ ಬುಸಾನಿನ ನಮ್ಮ ಚರ್ಚಿನಲ್ಲಿ ದಿನಾ ನಸುಕಿನ ಐದಕ್ಕೆ ಪ್ರಾರ್ಥನೆ. ಮದುವೆಯಾಗಿ ಬಂದಾಗಿನಿಂದ ನಾನು ಒಮ್ಮೆಯೂ ತಪ್ಪಿಸಿದವಳಲ್ಲ. ಈಚೆಗೆ ಮರೆವು ಹೆಚ್ಚಾಗಿ, ‘ಕರ್ತನೇ, ನನ್ನ ತಲೆ ನೆಟ್ಟಗಿಡು’ ಎಂದು ಅಲ್ಲಿಯೇ ಬೇಡುತ್ತಿದ್ದೆ. ಡಾಕ್ಟರು ನೋಡಿದರೆ, “ನಿಮ್ಮ ಅರೆನಿದ್ದೇನೇ ಮರೆವಿಗೆ ಕಾರಣ. ಬೆಳಗಾಗೋವರೆಗೂ ಮಲ್ಕೊಳ್ಳಿ ತಾಯಿ” ಎಂದುಬಿಟ್ಟರು. ಕೇಳಿದ್ದು ದೇವರನ್ನು, ಉತ್ತರ ಕೊಟ್ಟದ್ದು ಡಾಕ್ಟರು. ಇದು ಕರ್ತನ ಮಾತೋ ಸೈತಾನನದೋ ತಿಳಿಯದೆ, ಮರುದಿನ ಮಲಗಿಯೇಬಿಟ್ಟೆ.

ಬೆಳಕು ಹರಿಯುವಷ್ಟರಲ್ಲಿ ಬಾಗಿಲು ದಬದಬ ಬಡಿದರು. ಕಾಯಿಲೆಯವರಿಗೆಂದು ಮಾಡುವ ಚಿಪ್ಪುಮೀನಿನ ಗಂಜಿ ಹಿಡಿದ ಗೆಳತಿ ಮಾಲ್‌ಸುನ್, ಅವಳ ಹಿಂದೆ ಪಾಸ್ಟರ್ ಬ್ಯೊನ್.

“ಅಯ್ಯೋ ಅಕ್ಕಾ, ಬದುಕಿದ್ದೀಯಾ! ನಿನ್ನ ಜಾಗ ಖಾಲಿ ನೋಡಿ ಸಭೆಯೆಲ್ಲಾ ಅತ್ತೂ ಅತ್ತೂ ಪ್ರಾರ್ಥನೆ ಮಾಡ್ತು.”

“ನಿದ್ದೆ ಮಾಡ್ತಿದ್ದೆ ಕಣೇ!”

“ಈ ಹೊತ್ತಲ್ಲಿ ನಿದ್ದೆನಾ? ಏನು ಕಾಯಿಲೆನೇ?”

ನನಗೆ ರೇಗಿಹೋಯಿತು. “ನೀವೇ ಹೇಳಿ ಪಾಸ್ಟರೇ, ಮರೆವು ಹೋಗೋಕೆ ಬೆಳಗಾಗೋವರೆಗೂ ಮಲ್ಕೋ ಅನ್ನೋ ಡಾಕ್ಟರ ಮಾತು ಕೇಳ್ಲೋ, ನಸುಕಿಗೇ ಬಾ ಅನ್ನೋ ನಿಮ್ಮ ಮಾತು ಕೇಳ್ಲೋ?”

“ಕರ್ತನನ್ನೇ ಕೇಳೋಣಮ್ಮ” ಎಂದು ಅವರು ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಕೂತು, ನನ್ನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. “ಪರಲೋಕದ ತಂದೆಯೇ, ಈ ತಾಯಿಯ ಮಿದುಳನ್ನು...” ಮಾತು ಅಲ್ಲಿಗೇ ನಿಂತಿತು. ಕಾದೆವು. ಕೈ ಭಾರವಾಯಿತು. ಸಣ್ಣಗೆ ಗೊರಕೆ ಕೇಳಿಸಿತು.

ಆಮೆನ್ ಅನ್ನಬೇಕೋ, ದುಪ್ಪಟಿ ಹೊದಿಸಬೇಕೋ ನಮಗಿಬ್ಬರಿಗೂ ತಿಳಿಯಲಿಲ್ಲ.