ಮೈಯಿಲ್ಲದ ಯಂತ್ರಕ್ಕೆ ಬಿಯರ್

ಕಾರ್ನಿವಲ್ ಹಬ್ಬದ ಮಂಗಳವಾರ ನಮ್ಮ ಗಣಿಯೂರು ಒರೂರೊದಲ್ಲಿ ಬಿಯರ್ ಕುಡಿಯದ ಯಂತ್ರವಿಲ್ಲ. ಟ್ರಕ್ಕು, ಹೊಲಿಗೆ ಯಂತ್ರ, ಹಲ್ಲಿನ ಡಾಕ್ಟರ ಕುರ್ಚಿ, ಎಲ್ಲಕ್ಕೂ ಬಣ್ಣದ ಕಾಗದದ ಸುರುಳಿ ಸುತ್ತಿ, ಭೂತಾಯಿ ಪಚಮಾಮಾಗೆಂದು ಮೊದಲು ನೆಲಕ್ಕೆ, ಆಮೇಲೆ ಅವುಗಳ ನಾಲ್ಕು ಮೂಲೆಗೆ ಬಿಯರ್ ಹನಿಸುತ್ತೇವೆ. ಹಾಗೆ ಹರಸಿದರೆ ವರ್ಷವೆಲ್ಲ ಕೈಕೊಡುವುದಿಲ್ಲ. ಈ ಸಲ ನಮ್ಮ ಗಣಿ ಕಚೇರಿಯಲ್ಲಿ ತೊಡಕೊಂದು ಎದುರಾಯಿತು. ಹೊಳೆ ಕಾಯುವ ಯಂತ್ರಕ್ಕೆ ಮೈಯೇ ಇರಲಿಲ್ಲ.

ಗಣಿಯ ಹುಳಿನೀರು, ಅಂದರೆ ಆಮ್ಲ ಬೆರೆತ ವಿಷದ ನೀರು, ಹೊಳೆಗೆ ಸೇರಿದರೆ, ನೀರಿನಲ್ಲಿ ನೆಟ್ಟ ಕೊಳವೆ ಅದನ್ನು ಅಳೆದು ಕಚೇರಿಗೆ ಸುದ್ದಿ ಕಳಿಸುತ್ತದೆ. ಕೂಡಲೇ ನಾನು ಫೋನ್ ಮಾಡಬೇಕು, ಕೆಳಗಿನ ಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ಹಿಲಾರಿಯಾ ಕಾಲುವೆಯ ತೂಬು ಇಳಿಸಬೇಕು. ಇಲ್ಲದಿದ್ದರೆ ಅವಳು ಉಣ್ಣೆಗಾಗಿ ಸಾಕಿದ ಲಾಮಾಗಳು ಆ ನೀರು ಕುಡಿಯುತ್ತವೆ. ಅವಳ ಬದುಕೆಂದರೆ ಆ ಲಾಮಾಗಳೇ. ಸುದ್ದಿ ಹಿಡಿಯುತ್ತಿದ್ದ ಹಳೆಯ ಕಂಪ್ಯೂಟರನ್ನು ಇಂಜಿನಿಯರ್ ರೋಮುಲೊ ಹೋದ ತಿಂಗಳು ಇದ್ದಂತೆಯೇ ನಕಲು ಮಾಡಿ ದೊಡ್ಡ ಸರ್ವರಿನೊಳಗೆ ಇಳಿಸಿದ್ದರು. ಆ ಒಂದೇ ಪೆಟ್ಟಿಗೆಯೊಳಗೆ ಈಗ ಆರು ಯಂತ್ರಗಳು ಸಂಸಾರ ಮಾಡುತ್ತವೆ. ಮುಟ್ಟೋಣವೆಂದರೆ ಒಂದೂ ಇಲ್ಲ.

ಸರ್ವರಿನ ಹತ್ತಿರ ಬಿಯರ್ ತರಲು ರೋಮುಲೊ ಸುತರಾಂ ಒಪ್ಪಲಿಲ್ಲ. ಹಾಗೆಂದು ಹರಸದೆ ಬಿಡಲೂ ಅವರಿಗೆ ಮನಸ್ಸಿಲ್ಲ. ಓದು ಎಷ್ಟೇ ಇರಲಿ, ಅವರೂ ಒರೂರೊದವರೇ. ಕೊನೆಗೆ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನೇ ಹರಸುವುದೆಂದಾಯಿತು. ಸತ್ತದ್ದನ್ನು ಯಾರು ಹರಸುತ್ತಾರೆ ಎಂದು ರೋಮುಲೊ ತಾವೇ ಅದನ್ನು ಚಾಲೂ ಮಾಡಿ, ಪರದೆ ಮುಚ್ಚುವಷ್ಟು ಸುರುಳಿ ಸುತ್ತಿ ಬಿಯರ್ ಹನಿಸಿದರು. ಹರಸಿದ್ದನ್ನು ಕಾರ್ನಿವಲ್ ಮುಗಿಯುವ ಭಾನುವಾರದವರೆಗೆ ಆರಿಸುವಂತಿಲ್ಲ.

ಮರುದಿನದಿಂದ ಸರ್ವರಿನೊಳಗಿನ ಹೊಸ ಯಂತ್ರದ ಪರದೆಯಲ್ಲಿ ನೀರಿನ ಅಳತೆ ತೋರಿಸುವ ಗೆರೆ ಹಲ್ಲುದುರಿದ ಬಾಯಿಯಂತೆ ಅಲ್ಲಲ್ಲಿ ಖಾಲಿ. ಮಧ್ಯದ ಸುದ್ದಿಯೆಲ್ಲ ಎಲ್ಲಿಗೆ ಹೋಯಿತು? ಕೊಳವೆ ನೋಡಿದೆ, ತಂತಿ ನೋಡಿದೆ, ಎಲ್ಲವೂ ಸರಿಯಾಗಿತ್ತು. ಹಬ್ಬದ ಅಮಲು ಅದಕ್ಕಿನ್ನೂ ಇಳಿದಿಲ್ಲ ಎಂದು ರೋಮುಲೊ ನಕ್ಕರು.

ಶುಕ್ರವಾರ ಬೆಳಿಗ್ಗೆ ಗೆರೆ ಪೂರ್ತಿ ನಿಂತಿತ್ತು. ಅದನ್ನೇ ದಿಟ್ಟಿಸುತ್ತಿರುವಾಗ ಮೂಲೆಯಿಂದ ಕೀ ಕೀ ಸದ್ದು ಕೇಳಿಸಿತು. ಸುರುಳಿ ಸರಿಸಿದರೆ ಹಳೆಯ ಪರದೆ ಕೆಂಪಾಗಿತ್ತು. ಹುಳಿನೀರು! ಹಳೆಯ ಅಸಲಿಗೂ ಹೊಸ ನಕಲಿಗೂ ನೆಟ್‌ವರ್ಕಿನಲ್ಲಿ ವಿಳಾಸ ಒಂದೇ. ಎರಡೂ ಎಚ್ಚರವಾಗಿದ್ದರಿಂದ ಹೊಳೆಯ ಸುದ್ದಿ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಹೋಗುತ್ತಿತ್ತು. ಕೂಡಲೇ ಫೋನ್ ಹಚ್ಚಿದೆ.

"ಚಿಕ್ಕಮ್ಮ, ತೂಬು ಇಳಿಸು."

"ಅವು ಕಾಲುವೆ ಕಡೆನೇ ಇಳೀತಾ ಇದಾವಲ್ಲೇ. ಇರು."

ಅವಳ ಸಿಳ್ಳೆ ಕೇಳಿಸಿತು, ಬೈಗುಳ ಕೇಳಿಸಿತು, ಆಮೇಲೆ ತೂಬಿನ ಹಲಗೆ ಬಿದ್ದ ಸದ್ದು.

"ಮರಿಯೊಂದು ಮೂತಿ ಇಡೋದ್ರಲ್ಲಿತ್ತು. ಕಿವಿ ಹಿಡಿದು ಎಳೆದೆ. ಕುಡಿದಿಲ್ಲ."

ನಾನು ಅತ್ತುಬಿಟ್ಟೆ. ಏನಾಯಿತೆಂದು ಅವಳು ಕೇಳಿದಳು. ಮೈಯಿಲ್ಲದ ಯಂತ್ರ, ಎಲ್ಲಿ ಬಿಯರ್ ಹನಿಸುವುದೆಂಬ ನಮ್ಮ ಪೇಚಾಟ, ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಬಂದ ರೋಮುಲೊ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಅಲ್ಲ ಕಣೇ, ನೆರಳಲ್ಲಿ ಕೂತಿರೋದಕ್ಕೆ ಬಿಯರ್ ಕುಡಿಸಿದ್ರಿ," ಎಂದಳು ಚಿಕ್ಕಮ್ಮ. "ಆ ಹುಳಿನೀರಲ್ಲಿ ಹಗಲೂ ರಾತ್ರಿ ನಿಂತಿರೋ ಕೊಳವೆಗೆ ಒಂದು ತೊಟ್ಟೂ ಇಲ್ವಾ?"

ರೋಮುಲೊ ಹಳೆಯ ಕಂಪ್ಯೂಟರಿನ ಮುಂದೆ ತಲೆಬಾಗಿ ಕ್ಷಮೆ ಕೇಳಿ, ಭಾನುವಾರಕ್ಕೆ ಕಾಯದೆ ತಂತಿ ಕಿತ್ತರು. ತುಸು ಹೊತ್ತಿಗೆ ಹೊಸ ಪರದೆಯಲ್ಲಿ ಕೆಂಪು ಗೆರೆ ಎಲ್ಲೂ ಕಡಿಯದೆ ಹರಿಯತೊಡಗಿತು. ಆಮೇಲೆ ಅವರು ಉಳಿದ ಸುರುಳಿಗಳನ್ನು ಕೊರಳಿಗೆ ಹಾಕಿಕೊಂಡು ಬಿಯರ್ ಬಾಟಲಿ ಕೈಗೆತ್ತಿಕೊಂಡರು.

"ಗಂಬೂಟು ಹಾಕ್ಕೋ," ಎಂದರು. "ಹೊಳೆಗಿಳೀಬೇಕು."